ಬಿಷಪ್ಪರು ಬಂದ ದಿನ ನಾನು ಕೂತ ಜಾಗ

ನವೆಂಬರ್ ೧೪, ಬುಧವಾರ

ಪ್ರೀತಿಯ ತಂಗೀ,

ನಿನ್ನ ಟೀಚರಕ್ಕನ ವಂದನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಚರ್ಚಿನ ವಾರ್ಷಿಕೋತ್ಸವದ ಗಲಾಟೆಯಲ್ಲಿ ಉತ್ತರ ಬರೆಯಲಾಗಲಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ಮಗಳ ಹೆರಿಗೆ ಸುಸೂತ್ರವಾಯಿತಲ್ಲ, ದೇವರು ದೊಡ್ಡವನು. ಮೊಮ್ಮಗಳಿಗೆ ನಿನ್ನದೇ ಗಂಟಲಂತೆ. ಒಳ್ಳೆಯದಾಯಿತು, ಮುಂದೆ ಕೆಲಸಕ್ಕೆ ಬರುತ್ತದೆ.

ನೀನು ಮಗಳ ಮನೆಗೆ ಹೋದ ಮೇಲೂ ನಾವು ಬುಧವಾರ ತಪ್ಪಿಸಿಲ್ಲ. ನಿನ್ನ ಯಜಮಾನರು ಚರಂಡಿ ಗುಂಡಿಯಲ್ಲಿ ಉಸಿರುಕಟ್ಟಿ ತೀರಿಕೊಂಡ ವರ್ಷದಿಂದ ನಾವು ಕೂರುವ ನಗರಸಭೆಯ ಅದೇ ಮೆಟ್ಟಿಲು, ಅದೇ ಪ್ರಾರ್ಥನೆ, "ಮನುಷ್ಯರನ್ನು ಇಳಿಸಬೇಡಿ, ಯಂತ್ರದ ಗಾಡಿ ಕಳಿಸಿ" ಎಂಬ ಅದೇ ಬೋರ್ಡು. ಹೊಸ ಸಾಹೇಬರು "ಗಾಡಿ ರಿಪೇರಿಲಿದೆ ಅಮ್ಮಾ" ಅಂದರು. ಹಳೇ ಸಾಹೇಬರೂ ಅದನ್ನೇ ಅನ್ನುತ್ತಿದ್ದರು. ಆ ಗಾಡಿ ಹುಟ್ಟಿದ್ದೇ ರಿಪೇರಿಗೆ. ನಾವು ಹಾಡಲು ಶುರುಮಾಡಿದರೆ ಅವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನೀನಿಲ್ಲದೆ ನಮ್ಮಲ್ಲಿ ಶ್ರುತಿ ಹಿಡಿಯುವವರೇ ಇಲ್ಲ, ಪಾಪ, ಅವರದೂ ತಪ್ಪಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ವಾರ್ಷಿಕೋತ್ಸವಕ್ಕೆ ಬಿಷಪ್ಪರು ಬರುವವರಿದ್ದರು. ಬೆಳಿಗ್ಗೆ ನೋಡಿದರೆ ಚರ್ಚಿನ ಶೌಚಾಲಯ ಕಟ್ಟಿಕೊಂಡು ಅಂಗಳವೆಲ್ಲ ಘಮಘಮ! ನಮ್ಮ ಮನೆಯವರು ಕಮಿಟಿ ಕಾರ್ಯದರ್ಶಿಯಲ್ಲವೇ, ಯಾರ ಕೈಲೋ ಹೇಳಿಸಿ ಗುಂಡಿಗಿಳಿಯಲು ಒಬ್ಬನನ್ನು ಕರೆಸಿಯೇಬಿಟ್ಟರು. ಅವನು ಹಗ್ಗ, ಬಕೆಟ್ಟು ಹಿಡಿದು ಹಿಂದಿನ ಗೇಟಿನಿಂದ ಬಂದ. ನನ್ನನ್ನು ಕಂಡವನೇ ಗೋಡೆಯ ಕಡೆ ತಿರುಗಿ ನಿಂತ. ನನಗೆ ಮೈಯೆಲ್ಲ ಉರಿದುಹೋಯಿತು. ಒಳಗಿನಿಂದ ಕುರ್ಚಿ ತಂದು, ಗುಂಡಿಯ ಮುಚ್ಚಳದ ಮೇಲೆ ಹಾಕಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ.

ಮನೆಯವರು ಓಡಿ ಬಂದರು. "ಏಳೇ, ಮಾನ ಹೋಗ್ತಿದೆ!"

"ಹೋಗ್ಲಿ. ಅವನ ಪ್ರಾಣ ಹೋಗೋದಕ್ಕಿಂತ ವಾಸಿ."

"ಐದು ನಿಮಿಷದ ಕೆಲ್ಸ ಕಣೇ."

"ಹಾಗಾದ್ರೆ ನೀವೇ ಇಳೀರಿ. ನಾನು ಹಗ್ಗ ಹಿಡ್ಕೋತೀನಿ."

ಅವರು ಹೊಸ ಸೂಟು ಹಾಕಿದ್ದರು. ಅದರ ಧೂಳು ಕೊಡವಿಕೊಂಡು ಒಳಗೆ ಹೋದರು.

ಆರಾಧನೆ ಶುರುವಾಯಿತು. ಅವತ್ತಿನ ಪ್ರಸಂಗದ ವಿಷಯ, ನಗಬೇಡ, ನೆರೆಯವರನ್ನು ಪ್ರೀತಿಸುವುದು. ಮೈಕಿನಲ್ಲಿ ಬರುತ್ತಿದ್ದ ಒಂದೊಂದು ಮಾತೂ ನನಗೆ ಕೇಳುತ್ತಿತ್ತು. ಬಿಷಪ್ಪರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಯಾರಿಗೆ ಗೊತ್ತಿತ್ತು? ಪ್ರಸಂಗ ಅರ್ಧಕ್ಕೇ ನಿಂತಿತು. ನಿಲುವಂಗಿ ಎತ್ತಿಹಿಡಿದು ಅವರೇ ಶೌಚಾಲಯ ಹುಡುಕಿಕೊಂಡು ಹಿಂದಕ್ಕೆ ಓಡೋಡಿ ಬಂದರು.

"ಇದೇನಮ್ಮಾ, ಇಲ್ಲಿ ಕೂತಿದ್ದೀರಿ?"

ನಾನು ಎದ್ದು ನಮಸ್ಕಾರ ಮಾಡಲಿಲ್ಲ, ಎದ್ದರೆ ಕಮಿಟಿಯವರು ಕುರ್ಚಿ ಎಳೆದುಬಿಡುತ್ತಾರೆಂಬ ಭಯ. ಕೂತಲ್ಲಿಂದಲೇ ಎಲ್ಲವನ್ನೂ ಹೇಳಿದೆ. ನಿಧಾನವಾಗಿ, ಮೊದಲಿನಿಂದ. ಅವರು ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ನಿಂತು ಕೇಳಿದರು. ಕೊನೆಗೆ "ಆಯ್ತು ತಾಯೀ, ಆಯ್ತು!" ಎಂದು ಅಲ್ಲಿಂದಲೇ ನಗರಸಭೆಯ ಅಧ್ಯಕ್ಷರಿಗೆ ಫೋನು ಮಾಡಿ, ಪಕ್ಕದ ಮನೆಯತ್ತ ಓಡಿದರು.

ರಿಪೇರಿಯಲ್ಲಿದ್ದ ಗಾಡಿ ಸ್ವಲ್ಪ ಹೊತ್ತಿಗೆಲ್ಲ ಬಂದು ನಿಂತಿತು ಕಣೇ! ಇಷ್ಟು ವರ್ಷದ ನಮ್ಮ ಪ್ರಾರ್ಥನೆಗೆ ಆಗದ್ದು ಬಿಷಪ್ಪರ ಅವಸರಕ್ಕೆ ಆಯಿತು. ದೇವರು ಯಾರ ಮೂಲಕವಾದರೂ ಕೆಲಸ ಮಾಡಿಸಲಿ, ಆದರೆ ಈ ದಾರಿ ನನಗೆ ಹೊಳೆದೇ ಇರಲಿಲ್ಲ.

ಮನೆಯವರು ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಇರಲಿ, ಹಸಿವಾದಾಗ ಮಾತಾಡುತ್ತಾರೆ. ಮಗಳಿಗೆ ನನ್ನ ಆಶೀರ್ವಾದ, ಕೂಸಿಗೆ ಮುತ್ತು. ಕರ್ತನು ನಿಮ್ಮ ಮನೆಯನ್ನು ಕಾಯಲಿ.

ನಿನ್ನ
ಟೀಚರಕ್ಕ

ತಾ.ಕ.: ಇದನ್ನು ಬರೆಯಲು ಧೈರ್ಯ ಸಾಲದೆ ಇಷ್ಟು ಹೊತ್ತು ನಿನ್ನನ್ನು ನಗಿಸಿದೆ. ಹಗ್ಗ ಹಿಡಿದು ಬಂದವನು ನಿನ್ನ ಮಗ. ಅವನ ಡ್ರೈವರ್ ಕೆಲಸ ಹೋಗಿ ಬಹಳ ದಿನವಾಯಿತಂತೆ. "ಅಮ್ಮಂಗೆ ಮಾತ್ರ ಹೇಳ್ಬೇಡಿ ಟೀಚರಮ್ಮಾ" ಎಂದು ಕೈಮುಗಿದ. ಹೂಂ ಅಂದಿದ್ದೆ. ಆದರೆ ನಿನ್ನೆ ಬೇರೆಲ್ಲೋ ಇಳಿದನಂತೆ, ಅಲ್ಲಿ ತಡೆಯುವವರು ಯಾರೂ ಇರಲಿಲ್ಲ. ಏನೂ ಆಗಿಲ್ಲ, ಬೆಳಿಗ್ಗೆ ನಾನೇ ಹೋಗಿ ನೋಡಿ ಬಂದೆ. ನನ್ನ ಮಾತು ಅವನು ಕೇಳುವುದಿಲ್ಲ. ನೀನು ಬೇಗ ಬಾ.