ಒಂದು ಹೂಂ

ಮಹಡಿ ಮನೆ,
ನವೆಂಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಮ್ಮಾ,

ಹೇಗಿದ್ದೀರಿ? ಮಂಡಿನೋವು ಸ್ವಲ್ಪವಾದರೂ ಇಳಿದಿದೆಯಾ? ಅತ್ತಿಗೆಗೆ ನಿದ್ದೆ ಸಿಗುತ್ತಿದೆಯಾ, ಇಲ್ಲ ಪಾಪು ಇನ್ನೂ ಹಗಲು ರಾತ್ರಿ ಅದಲುಬದಲು ಮಾಡಿಕೊಂಡೇ ಇದೆಯಾ? ನೀವು ಕಳಿಸಿದ ಫೋಟೊದಲ್ಲಿ ಪಾಪುವಿನ ಮೂಗು ಥೇಟ್ ಸೋದರಮಾವನ ಮೂಗು. ಇವರಿಗೆ ತೋರಿಸಿ ಹಾಗಂದರೆ, ಪಾಪ ಮಗು, ಅದೇನು ತಪ್ಪು ಮಾಡಿತ್ತು ಅಂದರು. ಬಾಣಂತನದ ಕೆಲಸವೆಲ್ಲ ನಿಮ್ಮೊಬ್ಬರ ಮೇಲೇ ಬಿದ್ದಿರುತ್ತದೆ ಅಂತ ನನಗೆ ಗೊತ್ತು. ಮೆಟ್ಟಿಲು ಹತ್ತಿ ಇಳಿಯುವಾಗ ನಿಧಾನ.

ಫೋನ್ ಇರುವಾಗ ಈ ಹುಡುಗಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಿಮಗೆ ಅನ್ನಿಸಿರಬೇಕು. ನೀವು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಮಾತಾಡುತ್ತೀರಿ. ನಿಮ್ಮನ್ನು ಕೇಳಿದ್ದಕ್ಕೆ ಅತ್ತಿಗೆ, ಭಾವ, ಹೋದ ವಾರವಂತೂ ಗ್ಯಾಸ್ ತಂದವನೂ ಉತ್ತರ ಕೊಟ್ಟ. ಈ ಮಾತು ನಿಮ್ಮೊಬ್ಬರಿಗೇ. ನಾನು ಇಂಗ್ಲಿಷ್ ಮೀಡಿಯಂನವಳು, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂತಿದ್ದರೆ ನಗಬೇಡಿ. ನಕ್ಕರೂ ಅತ್ತಿಗೆಗೆ ತೋರಿಸಬೇಡಿ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ನೀವು ಹೋದಮೇಲೆ ನಾನು ಇವರ ಜೊತೆ ವಿಡಿಯೊ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೇನೆ ಅಂತ ಹೇಳಿದ್ದೆನಲ್ಲ, ಈಗ ಪೂರ್ತಿ ಪಳಗಿದ್ದೇನೆ. ಸ್ಟ್ಯಾಂಡ್ ಬಿಚ್ಚಿ ನಿಲ್ಲಿಸಲು ಬರುತ್ತದೆ. ಕಿಟಕಿಗೆ ಬೆನ್ನು ಹಾಕಿ ಯಾರನ್ನೂ ಕೂರಿಸಬಾರದು, ಮುಖ ಕಪ್ಪಾಗುತ್ತದೆ ಅಂತ ಗೊತ್ತು. ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಬೇಕು, ಆಮೇಲೆ ಚಿತ್ರಕ್ಕೂ ಶಬ್ದಕ್ಕೂ ಗಂಟು ಹಾಕಲು ಅದೇ ಗುರುತು. ಆ ಚಪ್ಪಾಳೆ ಈಗ ನನ್ನ ಹಕ್ಕು, ಬೇರೆ ಯಾರೂ ತಟ್ಟುವ ಹಾಗಿಲ್ಲ. ಗಾಳಿಯ ಸದ್ದು ಬರದಿರಲೆಂದು ಮೈಕಿಗೆ ತೊಡಿಸುವ ತುಪ್ಪಳದ ಟೋಪಿಗೆ ನಾನು ಬೆಕ್ಕಿನಮರಿ ಅಂತ ಹೆಸರಿಟ್ಟಿದ್ದೇನೆ. ಇವರೂ ಈಗ ಜನರ ಮುಂದೆಯೇ ಬೆಕ್ಕಿನಮರಿ ಎಲ್ಲಿ ಅಂತ ಕೇಳಿ ನನ್ನ ಮಾನ ಕಳೆಯುತ್ತಾರೆ. ಮನೆಗಳಲ್ಲಿ ರೆಕಾರ್ಡ್ ಮಾಡುವಾಗ ಫ್ರಿಜ್ಜಿನ ಗುರ್ ಸದ್ದು ಹಿಡಿಯಬಾರದೆಂದು ಅದನ್ನು ಆರಿಸುತ್ತೇವೆ, ಆರಿಸಿ ಸ್ಕೂಟರ್ ಕೀಯನ್ನು ಅದರೊಳಗೆ ಇಡುತ್ತೇವೆ. ಕೀ ಬೇಕಾದರೆ ಫ್ರಿಜ್ ತೆರೆಯಲೇಬೇಕು, ತೆರೆದರೆ ಅದರ ಸ್ವಿಚ್ ಮತ್ತೆ ಹಾಕುವುದು ನೆನಪಾಗುತ್ತದೆ. ಇಂಥ ತಲೆ ನಿಮ್ಮ ಮಗನದು. ನಾನು ದಿನಾ ಒಂದಲ್ಲ ಒಂದಕ್ಕೆ ಮರುಳಾಗುತ್ತಿದ್ದೆ.

ಚಿತ್ರ ಸ್ವಲ್ಪ ಮಂಕಾದರೂ ಜನ ಕೂತು ನೋಡುತ್ತಾರೆ, ಸೌಂಡ್ ಕೆಟ್ಟರೆ ಎದ್ದುಹೋಗುತ್ತಾರೆ ಅಂತ ಇವರು ಎಲ್ಲರಿಗೂ ಹೇಳುತ್ತಾರೆ. ಈಗ ಬರೆಯುವುದು ಅದರ ಬಗ್ಗೆಯೇ.

ಶುಕ್ರವಾರ ಒಬ್ಬ ನಿವೃತ್ತ ಟೀಚರ್ ಮನೆಗೆ ಹೋಗಿದ್ದೆವು. ಬರುವ ಗುರುವಾರ ಅವರಿಗೆ ಗಂಟಲಿನ ಆಪರೇಷನ್. ಆಮೇಲೆ ಈ ಧ್ವನಿ ಇರುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರಂತೆ. ಮೊಮ್ಮಗಳಿಗೆ ಇನ್ನೂ ಮಾತು ಬಂದಿಲ್ಲ. ಅವಳು ದೊಡ್ಡವಳಾದ ಮೇಲೆ ಕೇಳಲಿ ಅಂತ, ತಾವು ಕ್ಲಾಸಿನಲ್ಲಿ ಹೇಳುತ್ತಿದ್ದ ಕತೆಗಳನ್ನು ಹೇಳಿದರು. ದನಿ ಆಗಲೇ ಒಡೆದಿತ್ತು, ಆದರೂ ಎಷ್ಟು ಚೆನ್ನಾಗಿ ಹೇಳಿದರು ಅಂತೀರಿ. ನರಿಯ ದನಿಯೇ ಬೇರೆ, ಕಾಗೆಯ ದನಿಯೇ ಬೇರೆ. ಅವರ ಕೊರಳಪಟ್ಟಿಗೆ ಪುಟ್ಟ ಮೈಕ್ ಸಿಗಿಸಿದ್ದೆವು, ಕ್ಯಾಮೆರಾದ ತಲೆಯ ಮೇಲೆ ಇನ್ನೊಂದು. ಕೊರಳಿನದು ಬಲಗಡೆಗೆ, ಕ್ಯಾಮೆರಾದ್ದು ಎಡಗಡೆಗೆ ಹೋಗುತ್ತದೆ. ಇವರಿಗೊಂದು ಹೆಡ್‌ಫೋನ್, ನನಗೊಂದು. ನಾನು ನನ್ನದನ್ನು ಹಾರದ ಹಾಗೆ ಕುತ್ತಿಗೆಗೆ ಹಾಕಿಕೊಂಡು ಇವರನ್ನೇ ನೋಡುತ್ತ ಕೂತಿದ್ದೆ. ಕೆಲಸ ಮಾಡುವಾಗ ಇವರು ಕೆಳತುಟಿ ಕಚ್ಚಿಕೊಳ್ಳುತ್ತಾರಲ್ಲ, ಅದನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಕೊನೆಯಲ್ಲಿ ಇವರು ಫ್ರಿಜ್ಜಿನಿಂದ ಕೀ ತೆಗೆದು ಟೀಚರ್ ಅಂಗೈಗೆ ತಾಗಿಸಿದಾಗ, ಆ ತಣ್ಣನೆಗೆ ಅವರು ಬೆಚ್ಚಿ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಕ್ಯಾಮೆರಾ ಇನ್ನೂ ಓಡುತ್ತಿತ್ತು, ಒಳ್ಳೆಯದಾಯಿತು ಅಂದುಕೊಂಡೆ.

ಸಂಜೆ ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ಕೇಳಿದರೆ, ಬಲಗಡೆ ಪೂರ್ತಿ ಕರಕರ. ಟೀಚರ್ ಹಾಕಿಕೊಂಡಿದ್ದ ಮಣಿಸರ ಮಾತುಮಾತಿಗೂ ಮೈಕಿಗೆ ಉಜ್ಜಿತ್ತು. ಒಣಗಿದ ಎಲೆಗಳ ಮೇಲೆ ಯಾರೋ ಓಡಾಡುತ್ತ ಕತೆ ಹೇಳಿದ ಹಾಗೆ. ಎಡಗಡೆ ಮಾತು ಶುದ್ಧವಾಗಿತ್ತು, ಆದರೆ ಬಾವಿಯ ತಳದಿಂದ ಬಂದಂತೆ. ನಾನು ಇವರನ್ನು ಕೂಗಿದೆ. ಇವರು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಚೆನ್ನಾಗೇ ಇದೆಯಲ್ಲ, ಸ್ವಲ್ಪ ದೂರದಿಂದ ಕೇಳಿದ ಹಾಗಿದೆ ಅಷ್ಟೇ ಅಂದರು. ಏನ್ರೀ, ಕಿವಿ ಗಿವಿ ಕೇಳಿಸಲ್ವಾ ಅಂತ ನಾನು ನಗುತ್ತ ಬೆನ್ನಿಗೆ ಒಂದು ಗುದ್ದಿದೆ. ಇವರು ನಗಲಿಲ್ಲ. ಹೆಡ್‌ಫೋನ್ ತೆಗೆದು, ಬಲದ್ದು ಎಡಕ್ಕೆ ಬರುವ ಹಾಗೆ ತಿರುಗಿಸಿ ಹಾಕಿಕೊಂಡರು. ಮುಖ ಬಿಳಿಚಿಕೊಂಡಿತು.

"ನೀನು ಕೇಳಿಸಿಕೊಳ್ತಾ ಇರ್ಲಿಲ್ವಾ?" ಅಂದರು. "ಬಲಗಡೇದು ನಿಂಗೇ ಅಂತ ಬಿಟ್ಟಿದ್ದೆ. ಮದುವೆಗೆ ಮುಂಚೆ ನಾನೇ ಹೀಗೆ ತಿರುಗಿಸಿ ತಿರುಗಿಸಿ ಎರಡೂ ಕಡೆ ನೋಡ್ಕೊಳ್ತಿದ್ದೆ. ನೀನು ಬಂದ್ಮೇಲೆ ಬಿಟ್ಟೆ. ಅಮ್ಮ ನಿಂಗೆ ಎಲ್ಲ ಹೇಳಿದ್ದಾರಲ್ಲ."

ನಾನು ಹೂಂ ಅಂದೆ.

ನೀವು ನನಗೆ ಹೇಳಿರಲಿಲ್ಲ, ಅತ್ತೆಮ್ಮಾ.

ಯಾಕೆ ಹೂಂ ಅಂದೆನೋ ನನಗೇ ಗೊತ್ತಿಲ್ಲ. ಆ ಮುಖ ನೋಡಿ ಬೇರೆ ಏನೂ ಬಾಯಿಗೆ ಬರಲಿಲ್ಲ. ಆಮೇಲೆ ಇವರೇ ಸಮಾಧಾನವಾಗಿ ಮಾತಾಡಿದರು, ನನಗೆ ಎಲ್ಲ ಗೊತ್ತಿದೆ ಅಂದುಕೊಂಡೇ. ಚಿಕ್ಕವರಿದ್ದಾಗ ಮಂಗನಬಾವು ಬಂದು ಬಲಗಿವಿ ಹೋಗಿದ್ದು, ಸ್ಕೂಲಿನಲ್ಲಿ ಯಾವಾಗಲೂ ಬಲಗಡೆ ಗೋಡೆಯ ಪಕ್ಕದ ಬೆಂಚು ಹಿಡಿಯುತ್ತಿದ್ದದ್ದು. ಕರೆದರೆ ಎಲ್ಲಿಂದ ಅಂತ ತಿಳಿಯುವುದಿಲ್ಲವಂತೆ. ನಾನು ಅಡುಗೆಮನೆಯಿಂದ ಕೂಗಿದರೆ ಇವರು ಮೊದಲು ಬಚ್ಚಲಮನೆಯಲ್ಲಿ ಹುಡುಕಿ ಬರುತ್ತಿದ್ದರು. ನನ್ನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಾರೆ ಅಂದುಕೊಂಡು ನಾನು ಬಾಗಿಲ ಹಿಂದೆ ಅಡಗಿಕೊಳ್ಳುತ್ತಿದ್ದೆ. ಎಂಥ ದಡ್ಡಿ ನಾನು.

ಒಂದೊಂದೇ ನೆನಪಾಗುತ್ತಿದೆ. ನೀವು ಊಟಕ್ಕೆ ಕೂತರೆ ಇವರ ಎಡಗಡೆಯೇ ಕೂರುತ್ತಿದ್ದಿರಿ. ಊರಿಗೆ ಹೊರಡುವ ದಿನ, ಗೋಡೆ ಕಡೆ ಅವನು ಮಲಗಲಿ, ನೀನು ಈ ಕಡೆ ಮಲಗು, ಬೆಳಗ್ಗೆ ಏಳಲು ಅನುಕೂಲ ಅಂದಿರಿ. ಸೊಸೆ ಬೇಗ ಏಳಲಿ ಅಂತ ಹೇಳುತ್ತಿದ್ದಾರೆ ಅಂದುಕೊಂಡು ನನಗೆ ಒಳಗೊಳಗೇ ಸ್ವಲ್ಪ ಉರಿದಿತ್ತು. ನೀವು ರೈಲು ಹತ್ತಿದ ದಿನವೇ ನಾನು ಗೋಡೆ ಕಡೆಗೆ ಹಾರಿದೆ. ಅಂದಿನಿಂದ ರಾತ್ರಿ ಮಲಗಿ ನಾನು ಹೇಳಿದ ಮಾತುಗಳನ್ನೆಲ್ಲ ಕೇಳಿದ್ದು ಆ ಬಲಗಿವಿ. ಸ್ಕೂಟರಿನಲ್ಲೂ ಅಷ್ಟೇ, ಬಲಭುಜದ ಮೇಲೆ ಗಲ್ಲ ಇಟ್ಟುಕೊಂಡು ದಾರಿಯುದ್ದಕ್ಕೂ ಹರಟುತ್ತಿದ್ದೆ. ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ಇಷ್ಟು ತಾಳ್ಮೆಯ ಗಂಡ ಯಾರಿಗೆ ಸಿಗುತ್ತಾನೆ ಅಂತ ಗೆಳತಿಯರಿಗೆಲ್ಲ ಜಂಬ ಕೊಚ್ಚಿಕೊಂಡಿದ್ದೇನೆ. ಒಂದು ಸಲ, ನನ್ನನ್ನು ಮದುವೆಯಾಗಿದ್ದಕ್ಕೆ ಬೇಜಾರಿಲ್ಲ ತಾನೇ ಅಂತ ಕೇಳಿದ್ದೆ. ಅದಕ್ಕೂ ಹೂಂ ಅಂದಿದ್ದರು. ಆ ಒಂದು ಹೂಂ ಇಟ್ಟುಕೊಂಡು ನಾನು ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ.

ಆ ಹೂಂ ಯಾಕೆ ಅಂತಲೂ ಶುಕ್ರವಾರ ಇವರೇ ಹೇಳಿದರು. "ನೀನು ಬೇಕೂಂತಲೇ ಆ ಕಡೆ ಹೋದೆ ಅಂದ್ಕೊಂಡೆ. ನಂಗೆ ಕೇಳಿಸದೇ ಇರೋ ಕಡೆ ನಿಂತು ಏನೋ ಹೇಳ್ಕೋಬೇಕು ಅನ್ಸುತ್ತೇನೋ ಅಂತ. ಉಸಿರು ತಾಗ್ತಿತ್ತು. ಅದಕ್ಕೇ ಹೂಂ ಅಂತಿದ್ದೆ." ನಾನು ಕಾಫಿ ಮಾಡುವ ನೆಪದಲ್ಲಿ ಎದ್ದುಹೋಗಿ ಅಡುಗೆಮನೆಯಲ್ಲಿ ಅತ್ತೆ. ಅಳುವುದು ಕೇಳಿಸಿಬಿಟ್ಟೀತು ಅಂತ ನಲ್ಲಿ ಬಿಟ್ಟುಕೊಂಡೆ. ಆಮೇಲೆ ನಲ್ಲಿ ಯಾಕೆ ಬಿಟ್ಟೆ ಅಂತ ಇನ್ನೊಂದು ಸಲ ಅತ್ತೆ.

ನಿನ್ನೆ ಬೆಳಗ್ಗೆ ಮತ್ತೆ ಟೀಚರ್ ಮನೆಗೆ ಹೋದೆವು. ತಪ್ಪಾಯಿತು, ಇನ್ನೊಂದು ಸಲ ಹೇಳಬೇಕು ಅಂತ ಇವರು ಕೇಳುವಾಗ ನನ್ನ ತಲೆ ನೆಲ ನೋಡುತ್ತಿತ್ತು. ಟೀಚರ್ ಸಿಟ್ಟಾಗಲಿಲ್ಲ, ಮಣಿಸರ ಬಿಚ್ಚಿ ಮೇಜಿನ ಮೇಲಿಟ್ಟರು. ಕ್ಲಾಸಿನಲ್ಲಿ ಗಮನ ಇಲ್ಲದವರಿಗೆ ಎರಡು ಸಲ ಹೇಳಿ ನನಗೆ ಅಭ್ಯಾಸ ಅಂದರು, ನನ್ನ ಕಡೆಗೇ ನೋಡಿ. ಈ ಸಲ ಹೆಡ್‌ಫೋನ್ ನನ್ನ ಕಿವಿ ಬಿಟ್ಟು ಅಲುಗಲಿಲ್ಲ. ಇವರು ಕ್ಯಾಮೆರಾ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಬೆರಳೆತ್ತಿದರೆ ನಿಲ್ಲಿಸುತ್ತಿದ್ದರು. ಎಲ್ಲ ಮುಗಿದಮೇಲೆ, ಯಾವಾಗಲೂ ಮಾಡುವಂತೆ, ಆಮೇಲೆ ಮಾತಿನ ನಡುವೆ ತೇಪೆ ಹಾಕಲು ಬೇಕಾಗುತ್ತದೆ ಅಂತ, ಯಾರೂ ಮಾತಾಡದೆ ಬರೀ ಕೋಣೆಯ ಸದ್ದನ್ನು ಅರ್ಧ ನಿಮಿಷ ಹಿಡಿದೆವು. ಬಲಗಡೆ ಟೀಚರ್ ಕಷ್ಟಪಟ್ಟು ಎಂಜಲು ನುಂಗುವುದು ಕೇಳಿಸಿತು, ಎಡಗಡೆ ಕ್ಯಾಮೆರಾ ಹಿಂದೆ ನಿಂತ ಇವರ ಉಸಿರು. ಎರಡನ್ನೂ ಒಟ್ಟಿಗೆ ಕೇಳಿದವಳು ನಾನೊಬ್ಬಳೇ. ಕತೆಗಳು ಚೆನ್ನಾಗಿ ಬಂದಿವೆ. ಆದರೆ ದನಿ ಶುಕ್ರವಾರಕ್ಕಿಂತ ಸೋತಿದೆ. ಕಾಗೆಗೂ ನರಿಗೂ ಈಗ ಹೆಚ್ಚು ವ್ಯತ್ಯಾಸವಿಲ್ಲ. ಕೀ ಕೈಗೆ ತಾಗಿಸಿದರೂ ಅವರು ಮುಗುಳ್ನಕ್ಕರು, ಅಷ್ಟೇ. ಶುಕ್ರವಾರದ ಆ ನಗು ಕರಕರದ ಕೆಳಗೇ ಉಳಿಯಿತು.

ಅತ್ತೆಮ್ಮಾ, ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ನನ್ನನ್ನು ನೋಡಲು ಬಂದ ದಿನ ನೀವು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡಿರಿ. ನೆನಪಿದೆಯಾ? ನೀನು ಜೋರಾಗಿ ಮಾತಾಡ್ತೀಯಾ ಅಂತ ಕೇಳಿದಿರಿ. ನಾನು ನಾಚಿಕೊಂಡು, ಹೌದು, ಮನೆಯಲ್ಲಿ ಎಲ್ಲರೂ ಬೈತಾರೆ ಅಂದೆ. ಒಳ್ಳೇದೇ ಆಯ್ತು ಬಿಡು ಅಂತ ಕೆನ್ನೆ ತಟ್ಟಿದಿರಿ. ಅಷ್ಟೇ ಅಲ್ಲವೇ ಆಗಿದ್ದು? ಹೊರಗೆ ಹೋಗಿ ಇವರಿಗೆ, ಹುಡುಗಿಗೆ ಎಲ್ಲ ಹೇಳಿದ್ದೀನಿ, ಒಪ್ಪಿದ್ದಾಳೆ ಅಂದಿರಂತೆ. ನನಗೆ ರೇಡಿಯೊ ಅಂತ ಹೆಸರಿಟ್ಟಿರಿ. ಆ ಹೆಸರು ನನಗೆ ಎಷ್ಟು ಇಷ್ಟವಾಗಿತ್ತು.

ಮೊದಲೇ ಹೇಳಿದ್ದರೆ ಒಪ್ಪುತ್ತಿದ್ದೆನಾ? ಖಂಡಿತ ಒಪ್ಪುತ್ತಿದ್ದೆ ಅಂತ ಬರೆಯಲು ಹೋದೆ, ಪೆನ್ನು ನಿಂತಿತು. ಗೊತ್ತಿಲ್ಲ. ಅಪ್ಪ ಯೋಚನೆ ಮಾಡುತ್ತಿದ್ದರೇನೋ. ನಾನು ಒಂದು ದಿನ ಅತ್ತು, ಎರಡನೆಯ ದಿನ, ನೋಡಲು ಬಂದಾಗಲೂ ಕಚ್ಚಿಕೊಂಡಿದ್ದ ಆ ಕೆಳತುಟಿ ನೆನಪಾಗಿ ಹೂಂ ಅನ್ನುತ್ತಿದ್ದೆನೇನೋ. ಆದರೆ ಆ ಎರಡು ದಿನ ನನ್ನವು, ಅತ್ತೆಮ್ಮಾ. ಅವನ್ನು ನೀವು ನನ್ನನ್ನು ಕೇಳದೆ ಎತ್ತಿಟ್ಟುಕೊಂಡಿರಿ. ಮಗನಿಗೆ ಹೆಣ್ಣು ಸಿಗದೇನೋ ಅನ್ನುವ ಹೆದರಿಕೆಯಿಂದ ಹಾಗೆ ಮಾಡಿದಿರಿ ಅಂತ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಇಳಿಯುತ್ತಿಲ್ಲ.

ಈಗ ನಿಜ ಹೇಳಿದರೆ ಅಮ್ಮ ಇಬ್ಬರಿಗೂ ಸುಳ್ಳು ಹೇಳಿದರು ಅಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಎಲ್ಲ ಗೊತ್ತಿದ್ದೂ ತಮ್ಮನ್ನು ಒಪ್ಪಿ ಬಂದವಳು ಅಂತ ಇವರು ನನ್ನನ್ನು ನೋಡುವ ಒಂದು ನೋಟವಿದೆ, ಅದು ಹೋಗುತ್ತದೆ. ಹೇಳದಿದ್ದರೆ ಆ ನೋಟವನ್ನು ನಾನು ಬೇರೆಯವರ ಒಡವೆಯ ಹಾಗೆ ತೊಟ್ಟುಕೊಂಡು ಓಡಾಡಬೇಕು. ಮಾತಿನ ಮಲ್ಲಿ ಅನ್ನಿಸಿಕೊಂಡವಳಿಗೆ ಎರಡು ದಿನದಿಂದ ಮಾತೇ ಹೊರಡುತ್ತಿಲ್ಲ. ಇವರು, ರೇಡಿಯೊ ಕೆಟ್ಟಿದೆಯಾ ಅಂತ ಕೇಳಿದರು. ಬ್ಯಾಟರಿ ಮುಗಿದಿದೆ ಅಂದೆ.

ಮಂಡಿಗೆ ಬಿಸಿ ಕೊಡುವುದು ಬಿಡಬೇಡಿ. ಅತ್ತಿಗೆಗೆ, ಭಾವನಿಗೆ ನಾನು ಕೇಳಿದೆ ಅಂತ ಹೇಳಿ. ಪಾಪುವಿನ ಎರಡೂ ಕಿವಿಗೆ ಒಂದೊಂದು ಮುತ್ತು. ಸಿಟ್ಟಿನಲ್ಲೇ ನಿಮ್ಮ ಕಾಲಿಗೆ ಬಿದ್ದಿದ್ದೇನೆ, ಆಶೀರ್ವಾದ ಮಾಡಿ ಎಬ್ಬಿಸಿ.

ನಿಮ್ಮ ಸೊಸೆ,
ರೇಡಿಯೊ

ಮರೆತ ಮಾತು: ಇವರು ಕೆಳಗೆ ಸ್ಕೂಟರ್ ಒರೆಸುತ್ತಿದ್ದಾರೆ, ಬರುವುದರೊಳಗೆ ಬರೆದುಬಿಡುತ್ತೇನೆ. ಇಷ್ಟೆಲ್ಲ ಬರೆದದ್ದು ಇದಕ್ಕೇ. ನಿನ್ನೆ ಟೀಚರ್ ಮನೆಯಿಂದ ಬಂದಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, "ಅವತ್ತು ಅಡುಗೆಮನೇಲಿ ಅಮ್ಮನಿಗೆ ನೀನು ಒಂದು ಮಾತು ಹೇಳಿದ್ಯಂತಲ್ಲ, ಅಮ್ಮ ನಂಗೆ ಹೇಳಿದ್ರು. ಒಂದೇ ಸಲ ಅದನ್ನ ನಿನ್ನ ಬಾಯಿಂದ ಕೇಳ್ಬೇಕು, ಈ ಕಡೆ ಕಿವೀಲಿ" ಅಂದರು. ನಾಚಿಕೆ ಆಗುತ್ತೆ, ಇನ್ನೊಂದು ದಿನ ಅಂತ ತಪ್ಪಿಸಿಕೊಂಡೆ. ಎಷ್ಟು ದಿನ ತಪ್ಪಿಸಿಕೊಳ್ಳಲಿ? ಒಳ್ಳೆಯ ಮಾತೇ ಇರಬೇಕು, ಅದನ್ನು ನೆಚ್ಚಿಕೊಂಡೇ ಇಷ್ಟು ದಿನ ನನ್ನನ್ನು ಹೀಗೆ ನೋಡಿಕೊಂಡಿದ್ದಾರೆ. ನಿಜ ಹೇಳಬೇಕೋ ಬೇಡವೋ ಆಮೇಲೆ ಯೋಚಿಸುತ್ತೇನೆ. ಮೊದಲು ಆ ಮಾತು ನನ್ನ ಬಾಯಲ್ಲಿ ನಿಲ್ಲುತ್ತದೆಯಾ ಅಂತ ನೋಡಬೇಕು. ಫೋನ್ ಮಾಡಬೇಡಿ, ಬರೆಯಿರಿ. ನಾನು ಏನು ಹೇಳಿದ್ದೆ, ಅತ್ತೆಮ್ಮಾ?