ಇನ್ನೇನಾದ್ರೂ ಕೇಳೋದಿದ್ಯಾ?

ವಾರಿಂಬಾ, ವಿಕ್ಟೋರಿಯಾ
19 ಸೆಪ್ಟೆಂಬರ್ 2021, ಭಾನುವಾರ

ಪ್ರೀತಿಯ ಡಾರಿಲ್,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಗಣಿಯ ಕ್ಯಾಂಟೀನಿನಲ್ಲಿ ದಿನಾ ಕರಿದದ್ದನ್ನೇ ತಿನ್ನಬೇಡ, ಒಂದಿಷ್ಟು ಹಣ್ಣು ತರಕಾರಿಯನ್ನೂ ಹೊಟ್ಟೆಗೆ ಹಾಕಿಕೋ. ನೀನು ಸಿಟ್ಟಿನಿಂದ ಫೋನ್ ಇಟ್ಟ ಮೇಲೆ ಮೂರು ಸಲ ಮಾಡಿದೆ, ಎತ್ತಲಿಲ್ಲ. ಹೋಗಲಿ ಬಿಡು, ಕಾಗದವಾದರೆ ಅರ್ಧಕ್ಕೆ ನಿಲ್ಲಿಸಲು ನಿನ್ನಿಂದ ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟಿದ್ದೆ. ಇಲ್ಲ ಮಗನೇ, ಚೆನ್ನಾಗಿಲ್ಲ. ಬೆಳಿಗ್ಗೆ ಎಚ್ಚರವಾದ ತಕ್ಷಣ ಅಪ್ಪನಿಗೆ ಮಾರ್ಫಿನ್ ಕೊಡುವ ಹೊತ್ತು ಮೀರಿತು ಎಂದು ಅಡುಗೆಮನೆಗೆ ಓಡುತ್ತೇನೆ. ಅಲ್ಲಿ ಹೋಗಿ ನಿಂತ ಮೇಲೆ ನೆನಪಾಗುತ್ತದೆ, ಕೂತು ಅಳುತ್ತೇನೆ.

ಅಂತ್ಯಕ್ರಿಯೆಯ ವಿಷಯ ನಿನಗೆ ಸರಿಯಾಗಿ ಹೇಳಲೇ ಇಲ್ಲ. ಲಾಕ್‌ಡೌನ್ ಇದ್ದದ್ದರಿಂದ ಒಳಗೆ ಹತ್ತೇ ಜನ. ಆದರೆ ಬೌಲ್ಸ್ ಕ್ಲಬ್ಬಿನವರೆಲ್ಲ ರಸ್ತೆಯುದ್ದಕ್ಕೂ ದೂರದೂರ ನಿಂತು ಟೋಪಿ ತೆಗೆದರು. ಮೂವತ್ತೊಂದು ವರ್ಷ ಅವರು ಚೆಂಡು ಉರುಳಿಸುವ ಆ ಮೈದಾನದ ಹುಲ್ಲನ್ನು ಅಪ್ಪ ಸಾಕಿದ್ದಕ್ಕೆ ಅಷ್ಟಾದರೂ ಮಾಡಿದರಲ್ಲ. ಸ್ಮಶಾನದ ಗೇಟಿನ ಮರದಲ್ಲಿ ಗೂಡು ಕಾಯುತ್ತಿದ್ದ ಮ್ಯಾಗ್‌ಪೈ ಹಕ್ಕಿ ಸೀದಾ ಪಾದ್ರಿಗಳ ತಲೆಗೇ ಎರಗಿತು. ಅವರು ಬೈಬಲ್ಲನ್ನು ತಲೆಗೆ ಅಡ್ಡ ಹಿಡಿದುಕೊಂಡು ಓಡಿದರು. ನೋಡಿ ನಕ್ಕುಬಿಟ್ಟೆ ಕಣೋ, ಶವಪೆಟ್ಟಿಗೆಯ ಹಿಂದೆ ನಿಂತುಕೊಂಡು. ಅಪ್ಪನಿಗೆ ಹೇಳಬೇಕೆಂದು ಪಕ್ಕಕ್ಕೆ ತಿರುಗಿದೆ. ಫ್ರಿಜ್ಜಿನ ತುಂಬ ನೆರೆಯವರು ಕೊಟ್ಟ ಮಾಂಸದ ಸ್ಟೂ ಇದೆ, ಯಾರು ತಿನ್ನುತ್ತಾರೋ ದೇವರಿಗೇ ಗೊತ್ತು.

ಈಗ ನೀನು ಮಾಡಿರುವ ಕೆಲಸದ ಮಾತಿಗೆ ಬರುತ್ತೇನೆ. ಗುರುವಾರ ಡಾಕ್ಟರ್ ನೋರಾ ಬಂದಿದ್ದರು. ನಿನ್ನ ದೂರು ಮೆಡಿಕಲ್ ಬೋರ್ಡಿನಿಂದ ಅವರ ಕೈಸೇರಿದೆ. ‘ಸಾಯಲು ಔಷಧಿ ಕೇಳಿ ಪಡೆಯುವ ಹಕ್ಕು ಎರಡು ವರ್ಷದಿಂದ ಈ ರಾಜ್ಯದಲ್ಲಿದೆ, ಅದನ್ನು ನನ್ನ ತಂದೆಗೆ ತಿಳಿಸದೆ ಈ ಡಾಕ್ಟರ್ ಅವರನ್ನು ನರಳಿಸಿ ಸಾಯಿಸಿದರು’ ಎಂದು ಬರೆದಿದ್ದೀಯಂತೆ. ಅಡುಗೆಮನೆಯ ಮೇಜಿನ ಮುಂದೆ ಅವರು ಮಾಸ್ಕ್ ತೆಗೆದಿಟ್ಟು ಕೂತರು, ಮುಖ ಇಳಿದುಹೋಗಿತ್ತು. ಕೊಟ್ಟ ಸ್ಕೋನ್ ಬನ್ನು ಮುಟ್ಟಲಿಲ್ಲ.

ನಿನಗೆ ತಿಳಿಯದ ಒಂದು ವಿಷಯವಿದೆ. ಆ ಕಾನೂನಿನ ಪ್ರಕಾರ ಡಾಕ್ಟರು ತಾವಾಗಿ ಆ ಮಾತು ಎತ್ತುವ ಹಾಗೇ ಇಲ್ಲ. ಕಾಯಿಲೆಯವರೇ ಮೊದಲು ಕೇಳಬೇಕು. ಕಾನೂನು ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಡಾಕ್ಟರೇ ಸಾವಿನ ದಾರಿ ತೋರಿಸಿದರೆ ‘ನಾನು ಎಲ್ಲರಿಗೂ ಭಾರವಾದೆ’ ಎಂದು ಮುದುಕರು ಹೂಂ ಅಂದುಬಿಡಬಾರದಲ್ಲ. ಡಾಕ್ಟರ್ ನೋರಾ ನನಗೆ ಅಂದರು: “ಬಾಯಲ್ಲಿ ಹೇಳೋಕೆ ಆಗ್ದಿದ್ರೆ ಬರೆದು ತೋರಿಸಿದ್ರೂ ಸಾಕಿತ್ತು ಮರ್ಲ್. ಒಂದೇ ಒಂದು ಸಾಲು. ಮಿಕ್ಕಿದ್ದೆಲ್ಲಾ ನಾನು ನೋಡ್ಕೋತಿದ್ದೆ.”

ಮಾರ್ಚಿನಲ್ಲಿ ಕ್ಯಾನ್ಸರಿನ ಆಪರೇಷನ್ ಮಾಡಿ ನಾಲಿಗೆ ತೆಗೆದ ಮೇಲೆ ಅಪ್ಪನಿಗೆ ಮಾತಿರಲಿಲ್ಲ. ಕ್ಲಬ್ಬಿನವರು ಆಟದ ಅಂಕ ಬರೆಯುವ ಪುಟ್ಟ ಕರಿಹಲಗೆಯನ್ನೇ ಕೊಟ್ಟಿದ್ದರು, ಸೀಮೆಸುಣ್ಣದ ಸಮೇತ. ಅದರ ಮೇಲೆ ‘ದಿಂಬು’, ‘ನೀರು’ ಎಂದೆಲ್ಲ ಬರೆಯುತ್ತಿದ್ದರು. ಕ್ಲಬ್ಬಿನಲ್ಲಿ ಹೊಸಬ ಹುಲ್ಲನ್ನು ತೀರಾ ಬೋಳಿಸುತ್ತಿದ್ದಾನೆ ಎಂದು ಯಾರೋ ಹೇಳಿದಾಗ ‘ಅವನಿಗೆ ಕ್ಷೌರದಂಗಡಿ ಹಾಕಿಕೊಡಿ’ ಎಂದು ಬರೆದು ತೋರಿಸಿದ್ದರು. ಡಾಕ್ಟರ್ ವಾರಕ್ಕೆರಡು ಸಲ ಬರುತ್ತಿದ್ದರು. ಪ್ರತಿ ಸಲವೂ ಹೊರಡುವ ಮುಂಚೆ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಅಪ್ಪನನ್ನು ಕೇಳುತ್ತಿದ್ದರು: “ಕ್ಲೆಮ್, ಇನ್ನೇನಾದ್ರೂ ಕೇಳೋದಿದ್ಯಾ? ಯಾವ ವಿಷಯ ಆದ್ರೂ ಸರಿ.” ಕೇಳಿ, ಹಲಗೆಯನ್ನೇ ನೋಡುತ್ತಾ ಕೂತಿರುತ್ತಿದ್ದರು. ನಾನು ಆ ಕೋಣೆ ಬಿಟ್ಟು ಕದಲುತ್ತಿರಲಿಲ್ಲ. ನಮ್ಮ ಕಡೆಯ ಜನ ಹೇಗೆಂದು ನಿನಗೆ ಗೊತ್ತಲ್ಲ, ಮನೆಗೆ ಬೆಂಕಿ ಬಿದ್ದರೂ ಯಾರಿಗೂ ತೊಂದರೆ ಕೊಡಬಾರದು. “ಇಲ್ಲ ಡಾಕ್ಟ್ರೇ, ನಮಗೇನೂ ಬೇಡ, ಎಲ್ಲಾ ಸರಿಯಾಗಿದೆ” ಎಂದು ನಾನೇ ಹೇಳಿ ಕಳಿಸುತ್ತಿದ್ದೆ.

ಸರಿಯಾಗಿರಲಿಲ್ಲ. ಕೊನೆಯ ವಾರಗಳಲ್ಲಿ ಉಸಿರು ಕಟ್ಟಿದಾಗಲೆಲ್ಲ ಅಪ್ಪ ಮಂಚದ ಕಂಬಿ ಹಿಡಿದು ಎದ್ದು ಕೂರುತ್ತಿದ್ದರು. ಮಾರ್ಫಿನ್ ಏರಿಸಿ ಏರಿಸಿ ಡಾಕ್ಟರಿಗೇ ಕೈಸೋತಿತ್ತು. ನೀನು ಫೋನಿನಲ್ಲಿ, “ಅಮ್ಮಾ, ಇವರು ಗಡಿ ತೆಗೆಯೋವರೆಗೂ ಹೇಗಾದ್ರೂ ಮಾಡಿ ಅಪ್ಪನ್ನ ಹಿಡ್ಕೊಂಡಿರು, ಓಡಿ ಬರ್ತೀನಿ” ಎನ್ನುತ್ತಿದ್ದೆ. ಕೊರೋನಾ ಎಂದು ಮುಚ್ಚಿದ ಗಡಿಯನ್ನು ನಿಮ್ಮ ರಾಜ್ಯದವರು ತೆಗೆಯಲಿಲ್ಲ. ನೀನು ಬರಲಾಗದೆ ಅಲ್ಲಿ ಕೂತು ಸಂಕಟಪಟ್ಟಿದ್ದೀಯ, ಆ ಸಂಕಟಕ್ಕೆ ಯಾರಾದರೊಬ್ಬರ ಮೇಲೆ ಹರಿಹಾಯಬೇಕು. ನನಗೆ ಅರ್ಥವಾಗುತ್ತದೆ ಕಂದ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬಾರದು.

ಹೊರಡುವಾಗ ಬಾಗಿಲಲ್ಲಿ ನಿಂತು ಡಾಕ್ಟರ್ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ನಿಮ್ಮ ಮಗನ ಸಿಟ್ಟು ತಪ್ಪಲ್ಲ ಮರ್ಲ್. ಕಾನೂನು ಮನೆ ಹಾಳಾಗ್ಲಿ ಅಂತ ಒಂದ್ಸಲ ನಾನೇ ಬಾಯಿ ಬಿಡ್ಬೇಕಿತ್ತು. ನಿಯಮ ಕಾಯೋಕೆ ಡಾಕ್ಟರಾದ್ನಾ, ಮನುಷ್ಯರನ್ನ ಕಾಯೋಕಾ? ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಇನ್ನು ಈ ಊರಲ್ಲಿ ಯಾರ ಮಂಚದ ಹತ್ರ ಕುರ್ಚಿ ಎಳ್ಕೊಳ್ಲಿ?” ಕ್ರಿಸ್‌ಮಸ್‌ಗೆ ಊರು ಬಿಡುತ್ತಾರಂತೆ. ಅವರು ಹೋದರೆ ಮುಂದಿನ ಡಾಕ್ಟರು ಒಂದೂಮುಕ್ಕಾಲು ಗಂಟೆಯ ದಾರಿ. ಆದರೆ ಅದಕ್ಕಾಗಿ ಕೇಳುತ್ತಿಲ್ಲ. ಆಕೆ ತಪ್ಪು ಮಾಡಿಲ್ಲ, ಅದಕ್ಕೆ ಕೇಳುತ್ತಿದ್ದೇನೆ. ದೂರು ವಾಪಸು ತೆಗೆದುಕೋ ಮಗನೇ.

ಮಕ್ಕಳಿಗೆ ಅಜ್ಜಿಯ ಮುತ್ತು ಕೊಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಸಿಟ್ಟನ್ನು ಬೇಗ ಇಳಿಸಲಿ.

ನಿನ್ನ,
ಅಮ್ಮ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಹೇಳಬೇಕಾದದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೇನೆ. ಡಾರಿಲ್, ಅಪ್ಪ ಕೇಳಿದ್ದರು. ಜುಲೈ ಹದಿನಾರು, ಶುಕ್ರವಾರ. ಡಾಕ್ಟರ ಕಾರು ಗೇಟಿಗೆ ಬಂದ ಸದ್ದು ಕೇಳಿ ಸೀಮೆಸುಣ್ಣಕ್ಕೆ ಕೈಚಾಚಿದರು. ‘ಸಾಕು. ಆ ಔಷಧಿ ನನಗೆ ಬೇಕು. ಡಾಕ್ಟರಿಗೆ ತೋರಿಸು’ ಎಂದು ಬರೆದರು. ಆಕೆ ಮೆಟ್ಟಿಲು ಹತ್ತುವಷ್ಟರಲ್ಲಿ ಹಲಗೆಯನ್ನು ನನ್ನ ತೋಳಿನಿಂದ ಒರೆಸಿಬಿಟ್ಟೆ. ಅಪ್ಪ ನೋಡಿದರು. ಸಿಟ್ಟಾಗಲಿಲ್ಲ, ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಡಾಕ್ಟರ್ ಕುರ್ಚಿ ಎಳೆದುಕೊಂಡು, ಕೇಳೋದಿದೆಯಾ ಎಂದಾಗ ಮತ್ತೆ ಸೀಮೆಸುಣ್ಣ ತೆಗೆದುಕೊಂಡರು. ‘ಮರ್ಲ್ ಟೀ ಇಡ್ತಾಳೆ, ಕುಡಿದು ಹೋಗಿ’ ಎಂದು ಬರೆದರು. ಆಮೇಲೆ ಆ ಮಾತನ್ನು ಎಂದೂ ಬರೆಯಲಿಲ್ಲ. ನನಗೋಸ್ಕರ ಇನ್ನೂ ಆರು ವಾರ ನರಳಿದರು.

ನೀನು ಹಿಡಿದುಕೊಂಡಿರು ಎಂದೆ, ಅದಕ್ಕೆ ಒರೆಸಿದೆ ಎಂದರೆ ಅದು ಅರ್ಧ ಸುಳ್ಳು. ನಿನ್ನ ಮೇಲೆ ಹಾಕುವುದಿಲ್ಲ. ನನಗೇ ಅವರನ್ನು ಬಿಡಲಾಗಲಿಲ್ಲ. ಗುರುವಾರ ಆಕೆ ನನ್ನ ಮುಂದೆ ಕೂತು ತನ್ನನ್ನೇ ಬೈದುಕೊಳ್ಳುವಾಗಲೂ ನಾನು ಬಾಯಿ ಬಿಡಲಿಲ್ಲ. ಇದನ್ನೆಲ್ಲ ಬೋರ್ಡಿಗೆ ಬರೆದು ಸಹಿ ಹಾಕಿದ ಕಾಗದ ಜೊತೆಗಿದೆ, ಕಳಿಸು. ನಾಳೆ ಬೆಳಿಗ್ಗೆ ಡಾಕ್ಟರ ಮನೆಗೂ ಹೋಗಿ ಹೇಳುತ್ತೇನೆ. ಆ ನೀಲಿ ಸ್ವೆಟರಿನ ತೋಳಿನಲ್ಲಿ ಸುಣ್ಣದ ಪುಡಿ ಇನ್ನೂ ಇದೆ, ಒಗೆಯಲು ಕೈ ಬರುವುದಿಲ್ಲ. ಓದಿದ ಮೇಲೆ ಫೋನ್ ಮಾಡು. ಬೈಯುವುದಕ್ಕಾದರೂ ಮಾಡು.