ಸಾವಿಗೊಂದು ಪದ

ಪ್ರಕಾಶಕರಿಗೆ ನಮಸ್ಕಾರ.

ಹೊಸ ಕಾದಂಬರಿಯ ಕೊನೆಗೆ ಸೇರಿಸುವ ಪದಕೋಶ ಎಲ್ಲಿ ಎಂದು ಮೂರು ಸಲ ಕೇಳಿದ್ದೀರಿ. ನನ್ನ ಕಲ್ಪನೆಯ ಭಾಷೆಯಲ್ಲಿ ‘ಸಾವು’ ಎನ್ನುವುದಕ್ಕೆ ಏನೆನ್ನುತ್ತಾರೆಂದು ಓದುಗರಿಗೆ ತಿಳಿಯಬೇಕಂತೆ. ಆ ಪದವೇ ಇರಲಿಲ್ಲ. ಚಿಕ್ಕಂದಿನಲ್ಲಿ ನನಗೂ ತಮ್ಮನಿಗೂ ಅದು ಬೇಕಾಗಿರಲಿಲ್ಲ.

ಹೌದು, ಆ ಭಾಷೆ ಕಟ್ಟಿದ್ದು ನಾವಿಬ್ಬರು. ಒಬ್ಬರು ಹೊಸ ಪದ ಹೇಳಬೇಕು. ಮರುದಿನ ಇನ್ನೊಬ್ಬರು ತಾವಾಗಿ ಅದನ್ನು ಬಳಸಿದರೆ ಮಾತ್ರ ಅದು ಪದ. ಮೊದಲ ಪುಸ್ತಕದಲ್ಲಿ ‘ಭಾಷೆ ಲೇಖಕಿಯದೇ ಸೃಷ್ಟಿ’ ಎಂದು ಅಚ್ಚಾಯಿತು. ಕರಡಿನಲ್ಲಿ ನೋಡಿಯೂ ನಾನು ತಿದ್ದಿರಲಿಲ್ಲ. ತಮ್ಮ ಓದಿ, ಪುಸ್ತಕ ಮುಚ್ಚಿಟ್ಟ. ಆಮೇಲೆ ತೀರಿಕೊಳ್ಳುವವರೆಗೂ ನನ್ನೊಂದಿಗೆ ಆ ಭಾಷೆಯಲ್ಲಿ ತುಟಿ ಬಿಚ್ಚಲಿಲ್ಲ.

ಸೋಮವಾರ ನಿಮ್ಮ ಕಾಟ ತಾಳಲಾರದೆ ಒಂದು ಪದ ಮಾಡಿ, ಅಡುಗೆಮನೆಯಲ್ಲಿ ಜೋರಾಗಿ ಹೇಳಿ ನೋಡಿದೆ. ಮಂಗಳವಾರ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಬಟ್ಟೆ ಮಡಿಸುತ್ತಿದ್ದ ಅಮ್ಮ ತಲೆಯೆತ್ತಿದಳು.

“ಹೊರಗಿಂದ ಬರ್ತಿದ್ದೀಯಾ? ಹಾಗಾದ್ರೆ ನಿನ್ನೆ ನೀನು ಅಡುಗೆಮನೇಲಿ ಹೇಳ್ತಿದ್ದ ಮಾತನ್ನೇ ತಮ್ಮನ ರೂಮಲ್ಲಿ ಈಗ ಹೇಳಿದ್ದು ಯಾರೇ?”

ಆ ರೂಮಿಗೆ ಬೀಗ ಹಾಕಿ ಎಂಟು ತಿಂಗಳಾಯಿತು.

ನಮ್ಮ ನಿಯಮದ ಪ್ರಕಾರ ಪದ ಪಾಸಾಗಿದೆ, ಈ ಪತ್ರದ ಜೊತೆಗಿಟ್ಟಿದ್ದೇನೆ. ಈ ಸಲ ‘ಭಾಷೆ: ತಮ್ಮ ಮತ್ತು ಅಕ್ಕ’ ಎಂದು ಹಾಕಿ, ಅವನದೇ ಮೊದಲು. ಅಚ್ಚಿಗೆ ಕೊಡುವುದನ್ನು ಒಂದು ದಿನ ತಡೆಯಿರಿ. ‘ತಪ್ಪಾಯಿತು’ ಎನ್ನುವುದಕ್ಕೂ ನಮ್ಮಲ್ಲಿ ಪದವಿರಲಿಲ್ಲ. ಇವತ್ತು ಬೆಳಿಗ್ಗೆ ಆ ಬಾಗಿಲ ಮುಂದೆ ನಿಂತು ಒಂದನ್ನು ಹೇಳಿ ಬಂದಿದ್ದೇನೆ.

ನಾಳೆ ರಜೆ ಹಾಕಿದ್ದೇನೆ. ಮನೆಯಲ್ಲೇ ಇರುತ್ತೇನೆ.

ಇತಿ,
ನಿಮ್ಮ ಲೇಖಕಿ